ಯಾರೂ ಲಾಗ್ ಆಫ್ ಆಗದ ಹಂಗಾಮು

ಸಕ್ಕರೆ ಕಾರ್ಖಾನೆಯ ವಾಸನೆ ಸಿಹಿಯಾಗಿರುತ್ತದೆಂದು ನಂಬಿರುವವರು ಅದರ ಆಸುಪಾಸಿನಲ್ಲಿ ಒಂದು ದಿನವೂ ಬಾಳಿದವರಲ್ಲ. ಸೀದ ಬೆಲ್ಲ, ಹುಳಿ ಬಂದ ಕಾಕಂಬಿ, ಮಳೆಗೆ ನೆನೆದ ಕಬ್ಬಿನ ಸಿಪ್ಪೆ ಎಲ್ಲವನ್ನೂ ಒಂದೇ ಹಂಡೆಗೆ ತುಂಬಿ ಮುಚ್ಚಿಟ್ಟು, ಮರೆತು, ಆಮೇಲೆ ಮುಚ್ಚಳ ತೆಗೆದರೆ ಹೇಗೋ ಹಾಗೆ. ಮೊನ್ನೆ ಬೀಗರೂಟವೊಂದಕ್ಕೆಂದು ಮಂಡ್ಯದಲ್ಲಿ ಮಳವಳ್ಳಿಯ ಬಸ್ಸು ಹತ್ತಿದ್ದೆ. ದಾರಿಯಲ್ಲಿ ಆ ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದವರು ಮೂಗಿಗೆ ಟವಲ್ಲು ಹಿಡಿದರು. ನಾನು ಕಿಟಕಿಯನ್ನು ಇನ್ನಷ್ಟು ಸರಿಸಿದೆ. ನಾನು ನಿವೃತ್ತನಾಗಿದ್ದರೂ ನನ್ನ ಮೂಗು ಇನ್ನೂ ಸೇವೆಯಲ್ಲಿದೆ. ಕಬ್ಬು ಅರೆಯುವ ಹಂಗಾಮು ಶುರುವಾಗಿದೆ ಎಂದು ಅದು ವರದಿ ಒಪ್ಪಿಸಿತು. ಅದರ ಬೆನ್ನಿಗೇ ಆ ಒಂದು ಹಂಗಾಮು, ನಿಂಗೇಗೌಡರ ಕೊನೆಯ ಹಂಗಾಮು, ಟಿಕೆಟ್ಟಿಲ್ಲದೆ ಬಂದು ನನ್ನ ಪಕ್ಕ ಕೂತಿತು.

ಕಾರ್ಖಾನೆಯ ಹೆಸರು ಹೇಳುವುದಿಲ್ಲ. ಅದರ ಅನ್ನ ತಿಂದಿದ್ದೇನೆ. ಅಲ್ಲಿ ನನ್ನ ಹುದ್ದೆಗೆ ಇಂಗ್ಲಿಷಿನಲ್ಲಿ ಬಹಳ ಗಂಭೀರವಾದ ಹೆಸರಿತ್ತು. ಕನ್ನಡದಲ್ಲಿ ಹೇಳುವುದಾದರೆ, ಇಲ್ಲದ ಕಂಪ್ಯೂಟರುಗಳನ್ನು ಕಾಯುವವನು. ಮಂಡ್ಯದ ಕಚೇರಿಯಲ್ಲಾಗಲಿ, ಮದ್ದೂರು, ಮಳವಳ್ಳಿಯ ಕಬ್ಬಿನ ಆಫೀಸುಗಳಲ್ಲಾಗಲಿ ಮೇಜಿನ ಮೇಲೆ ಇದ್ದದ್ದು ಒಂದು ಪರದೆ, ಒಂದು ಕೀಬೋರ್ಡು, ತಿಂಡಿಯ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ. ಕಂಪ್ಯೂಟರು ಇರಲಿಲ್ಲ, ಇದ್ದಂತೆ ತೋರುತ್ತಿತ್ತು. ಎಲ್ಲರ ಯಂತ್ರಗಳೂ ಮಂಡ್ಯದ ಒಂದು ತಣ್ಣನೆಯ ಕೋಣೆಯಲ್ಲಿ, ಒಂದೇ ಬೀರುವಿನೊಳಗೆ, ಬರೀ ಲೆಕ್ಕಾಚಾರದ ರೂಪದಲ್ಲಿ ವಾಸವಾಗಿದ್ದವು. ಇದಕ್ಕೆ ವರ್ಚುವಲ್ ಡೆಸ್ಕ್‌ಟಾಪ್ ಎನ್ನುತ್ತಾರೆ. ಇಂಥದ್ದನ್ನು ನಮ್ಮ ವೇದಾಂತಿಗಳು ಎಂದೋ ಹೇಳಿ ಕೈತೊಳೆದುಕೊಂಡಿದ್ದರು. ಆದರೆ ಅವರಿಗೆ ಅದನ್ನು ಬೆಳಗಾದರೆ ಚಾಲೂ ಮಾಡುವ ಹೊಣೆ ಇರಲಿಲ್ಲ.

ಆಲೆಮನೆಯಲ್ಲಿ ಒಂದೇ ಅಚ್ಚಿನಿಂದ ಬೆಲ್ಲದುಂಡೆಗಳು ಬೀಳುವ ಹಾಗೆ ಒಂದೇ ಮೂಲಪ್ರತಿಯಿಂದ ಅಷ್ಟೂ ಯಂತ್ರಗಳು ಹುಟ್ಟುತ್ತಿದ್ದವು. ಹುಟ್ಟುವಾಗ ಎಲ್ಲವೂ ಹಗುರ. ಆಮೇಲೆ ಪ್ರತಿಯೊಂದಕ್ಕೂ ಅದರದರ ಸಂಸಾರ ಅಂಟಿಕೊಂಡು ಮೈ ಬರುತ್ತಿತ್ತು. ಅದಕ್ಕೊಂದು ಮದ್ದಿತ್ತು. ಕೆಲಸ ಮುಗಿಸಿದವರು ಲಾಗ್ ಆಫ್ ಆದರೆ ಸಾಕು, ಅವರ ಯಂತ್ರ ತಾನಾಗಿಯೇ ಅಂಟಿದ್ದನ್ನೆಲ್ಲ ಕೊಡವಿಕೊಂಡು ಮತ್ತೆ ಹುಟ್ಟಿದ ದಿನದ ಸ್ಥಿತಿಗೆ ಮರಳುತ್ತಿತ್ತು. ಪರದೆಯ ಮೇಲೆ ಹರಡಿಟ್ಟದ್ದೆಲ್ಲ ಮಾಯ.

ಇನ್ನು ಜಾಗದ ವಿಷಯ ನಮ್ಮ ನಾಲೆಯ ಹಾಗೆ. ಕಾಗದದ ಮೇಲೆ ಕೊನೆಭಾಗದ ಗದ್ದೆಗೂ ನೀರುಂಟು. ಎಲ್ಲರೂ ಒಟ್ಟಿಗೆ ತೂಬು ಎತ್ತುವುದಿಲ್ಲ ಎಂಬ ನಂಬಿಕೆಯ ಮೇಲೆ ಆ ಕಾಗದ ನಿಂತಿದೆ. ಹಾಗೆಯೇ ಪ್ರತಿ ಯಂತ್ರಕ್ಕೂ ಇಷ್ಟು ಜಾಗ ಎಂದು ಬರೆದುಕೊಟ್ಟಿದ್ದೆವು. ಬೀರುವಿನಲ್ಲಿ ಇದ್ದದ್ದು ಅದರ ಅರ್ಧವೂ ಅಲ್ಲ. ಎಲ್ಲರೂ ಒಟ್ಟಿಗೆ ತುಂಬಿಕೊಂಡರೆ ಮೂರೂ ಊರಿನ ಪರದೆಗಳು ಒಂದೇ ಗಳಿಗೆಯಲ್ಲಿ ನಿಲ್ಲುತ್ತವೆ. ಪರದೆ ನಿಂತರೆ ಕಬ್ಬು ಕಡಿದು ಸಾಗಿಸುವ ಪರ್ಮಿಟ್ಟು ನಿಂತಿತು. ಪರ್ಮಿಟ್ಟು ನಿಂತರೆ ಕಡಿದ ಕಬ್ಬು ಬಿಸಿಲಲ್ಲಿ ಒಣಗಿ ಹಗುರವಾಯಿತು.

ಆ ವರ್ಷ ಹಂಗಾಮು ಶುರುವಾಗುವ ಹೊತ್ತಿಗೇ ಬೀರು ಮುಕ್ಕಾಲು ತುಂಬಿತ್ತು. ನಾನು ಹಳೇ ಶೈಲಿಯಲ್ಲಿ ಒಂದು ಸುತ್ತೋಲೆ ಹೊರಡಿಸಿದೆ: ‘ಕಚೇರಿಯನ್ನು ಬಿಡುವ ಮುನ್ನ ಸಮಸ್ತರೂ ತಪ್ಪದೆ ಲಾಗ್ ಆಫ್ ಆಗತಕ್ಕದ್ದು.’ ಎಲ್ಲರೂ ಓದಿದರು, ಸಹಿ ಹಾಕಿದರು, ಮತ್ತು ಯಾರೂ ಆಗಲಿಲ್ಲ.

ಕಾರಣ ತಿಳಿಯಲು ಮದ್ದೂರಿಗೆ ಹೋದೆ. ಅಲ್ಲಿ ಪರ್ಮಿಟ್ಟು ಬರೆಯುತ್ತಿದ್ದವರು ಜಯಮ್ಮ. ಅವರ ಬಾಯಿಗೆ ಹೆದರಿ ಲಾರಿಯವರು ಬೀಡಿ ಆರಿಸಿ ಒಳಗೆ ಬರುತ್ತಿದ್ದರು.

“ಲಾಗ್ ಆಫ್ ಮಾಡ್ತೀರೇನಮ್ಮಾ ಸಂಜೆ?” ಎಂದೆ.

“ಮಾಡ್ತೀನಲ್ಲ ಸಾ. ಟೀವಿ ಆರಿಸ್ಬುಟ್ಟೇ ಓಗದು.”

“ಅದು ಪರದೆ ಆರಿಸಿದ್ದು. ಯಂತ್ರದ ಲೆಕ್ಕದಲ್ಲಿ ನೀವಿನ್ನೂ ಇಲ್ಲೇ ಕೂತಿರ್ತೀರಿ. ಪೂರ್ತಿ ಹೊರಗೆ ಹೋಗಬೇಕು.”

“ಯಾಕ್ ಸಾ ಪೂರ್ತಿ ಓಗ್ಬೇಕು? ಬೆಳಿಗ್ಗೆ ಎದ್ರೆ ಬತ್ತೀನಲ್ಲ. ದೀಪ ಅಚ್ಚೋ ಒತ್ನಲ್ಲಿ ಓಯ್ತೀನಿ ಅನ್ನೋ ಗುಂಡಿ ಒತ್ತು ಅಂತೀರಲ್ಲ, ಒಳ್ಳೆ ಮಾತಾ ಇದು?”

ನಮ್ಮ ಕಡೆ ಯಾರೂ ‘ಹೋಗುತ್ತೇನೆ’ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ‘ಬತ್ತೀನಿ’ ಎಂದೇ ಎದ್ದು ಹೋಗುತ್ತಾರೆ. ಹಾಗಿರುವಾಗ ಮೂರು ಊರಿನ ಸಿಬ್ಬಂದಿಯೂ ಯಂತ್ರಕ್ಕೆ ಬತ್ತೀನಿ ಎಂದು ಹೇಳಿ, ಪರದೆ ಆರಿಸಿ ಮನೆಗೆ ಹೋಗುತ್ತಿದ್ದರು. ಯಂತ್ರಗಳೂ ಅವರ ಮಾತನ್ನು ನಂಬಿ, ಮೈ ಬೆಳೆಸಿಕೊಂಡು, ಇಡೀ ಹಂಗಾಮು ಕಾಯುತ್ತಿದ್ದವು. ಕೊನೆಗೆ ನಾನು ಜಯಮ್ಮನ ಎದುರು ಕೂತು, ಅವರ ಸಾಮಾನನ್ನೆಲ್ಲ ಲಾಗ್ ಆಫ್ ಆದರೂ ಅಳಿಯದ ಒಳಗಿನ ಫೋಲ್ಡರಿಗೆ ಸಾಗಿಸಿ, ಗುಂಡಿಯನ್ನು ನಾನೇ ಒತ್ತಿದೆ. ಅವರು ಆ ಕಡೆ ಮುಖ ತಿರುಗಿಸಿಕೊಂಡರು.

ಮಂಡ್ಯ, ಮದ್ದೂರುಗಳನ್ನು ಹೀಗೆ ಒಬ್ಬೊಬ್ಬರಾಗಿ ತೊಳೆದು ಮುಗಿಸಿದರೂ ಬೀರು ಇಳಿಯಲಿಲ್ಲ. ಪಟ್ಟಿ ತೆಗೆದು ನೋಡಿದರೆ ಒಂದು ಯಂತ್ರ ಉಳಿದೆಲ್ಲವನ್ನೂ ಮೀರಿ ಗುಡ್ಡದ ಹಾಗೆ ಕೂತಿತ್ತು. ಮಳವಳ್ಳಿ ಆಫೀಸಿನ ಮುಖ್ಯಸ್ಥರಾದ ನಿಂಗೇಗೌಡರದು. ನೀರು ಮುಟ್ಟದ ಕೊನೆಭಾಗ ಎಂದು ವರ್ಷವೂ ಗೋಳಾಡುವ ಮಳವಳ್ಳಿಯವರು ಈ ಒಂದು ನಾಲೆಯನ್ನು ಪೂರಾ ಕುಡಿದಿದ್ದರು.

ನಿಂಗೇಗೌಡರು ಆ ಹಂಗಾಮಿನ ಕೊನೆಗೆ ನಿವೃತ್ತರಾಗುವವರಿದ್ದರು. ದೊಡ್ಡ ಆಳು, ಮೆಲ್ಲನೆಯ ಮಾತು. ನನ್ನ ಸುತ್ತೋಲೆಗಳ ಭಾಷೆಯ ದೆಸೆಯಿಂದ ನನ್ನನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದರು. ಮಳವಳ್ಳಿಗೆ ಹೋಗಿ ಅವರ ಪರದೆ ನೋಡಿದೆ. ಈ ಅಂಚಿನಿಂದ ಆ ಅಂಚಿನವರೆಗೆ ಫೋಲ್ಡರುಗಳು, ಊರಿಗೊಂದು. ಒಳಗೆ ಬರೀ ಫೋಟೋ. ಕಾರ್ಖಾನೆಯಲ್ಲೊಂದು ನಿಯಮವಿತ್ತು: ಒಬ್ಬರ ಕಬ್ಬನ್ನು ಇನ್ನೊಬ್ಬರು ತಮ್ಮದೆನ್ನದ ಹಾಗೆ, ಗದ್ದೆ ಅಳೆದ ದಿನ ರೈತರನ್ನು ಕಬ್ಬಿನ ಮುಂದೆ ನಿಲ್ಲಿಸಿ, ನಂಬರು ಬರೆದ ಸ್ಲೇಟು ಕೈಗೆ ಕೊಟ್ಟು ಫೋಟೋ ತೆಗೆಯಬೇಕು. ಎದೆಗೆ ಸ್ಲೇಟು ಹಿಡಿದು ನಿಲ್ಲುವ ಗೌರವ ಕಳ್ಳರನ್ನು ಬಿಟ್ಟರೆ ನಮ್ಮ ಕಬ್ಬಿನವರಿಗೇ ಸಲ್ಲುತ್ತಿತ್ತು. ಹಂಗಾಮು ಮುಗಿದ ಮೇಲೆ ಆ ಫೋಟೋಗಳನ್ನು ಅಳಿಸಬೇಕಿತ್ತು. ಗೌಡರು ಒಂದನ್ನೂ ಅಳಿಸಿರಲಿಲ್ಲ. ಯಂತ್ರ ಬಂದ ದಿನದಿಂದ ಒಮ್ಮೆಯೂ ಲಾಗ್ ಆಫ್ ಆಗಿರಲಿಲ್ಲ.

“ಇದನ್ನೆಲ್ಲ ಹೀಗೆ ಪರದೆಯ ಜಗಲಿ ಮೇಲೆ ಯಾಕೆ ಹರಡಿಕೊಂಡಿದ್ದೀರಿ ಗೌಡ್ರೇ? ಒಳಗಿಡೋಕೆ ಜಾಗ ಕೊಟ್ಟಿಲ್ವೇ?”

“ಒಳ್ಗಡೆ ಇಟ್ರೆ ತುಂಬೋಯ್ತು ಅಂತ ಬೈತದೆ ಮೇಷ್ಟ್ರೇ. ಜಗಲಿ ಏನೂ ಅನ್ನಲ್ಲ.”

“ಆದ್ರೂ ಇಷ್ಟೊಂದು ಯಾಕೆ?”

“ವಸಿ ಕೂತ್ಕಳಿ. ಇನ್ನೇನ್ ಮಾರ್ನಮಿ ಬಂತು. ನಿಮ್ಗೇ ಗೊತ್ತಾಯ್ತದೆ.”

ಕೂತೆ. ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ಬಂದರು. ಕಿರುಗಾವಲಿನ ಆಚೆಯ ಹಳ್ಳಿಯವರು, ಹೆಸರು ದೇವೀರಮ್ಮ. ಗಂಡ ತೀರಿಕೊಂಡ ಮೇಲೆ ತಾವೇ ನಿಂತು ಬೇಸಾಯ ಮಾಡಿಸುವವರು. ಬಂದವರೇ ಎದುರಿನ ಕುರ್ಚಿಯಲ್ಲಿ ಕೂತು, “ನಮ್ ಭಾವುಂದೊಂದು ಪೋಟ ತಗ್ದುಕೊಡ್ರಪ್ಪ,” ಎಂದರು. “ಉಗಾದಿ ಆದ್ಮ್ಯಾಲೆ ಓಗ್ಬುಟ್ರು. ಎಡೆ ಇಕ್ಕಕ್ಕೆ ಮನೇಲಿ ಒಂದು ಪೋಟ ಇಲ್ಲ. ಆಧಾರ್ ಕಾರ್ಡಲ್ಲಿ ಇರೋದು ಅವ್ರೋ ಇನ್ಯಾರೋ ಆ ಸಿವ್ನೇ ಬಲ್ಲ.”

ಗೌಡರು ಫೋಲ್ಡರು ತೆರೆದರು. ಕಬ್ಬಿನ ಮುಂದೆ ಬಿಳಿ ಮೀಸೆಯ ಮುದುಕರೊಬ್ಬರು ಸ್ಲೇಟು ಹಿಡಿದು, ಸಾಲ ಕೇಳಲು ಬಂದವನನ್ನು ನೋಡುವಂತೆ ನಮ್ಮನ್ನು ನೋಡುತ್ತಿದ್ದರು.

“ಇವ್ರೇ ಕನ! ಇಂಗೇ ದುರುಗುಟ್ಕಂಡು ನೋಡೋರು,” ಎಂದು ದೇವೀರಮ್ಮ ಸೆರಗು ಸರಿಮಾಡಿಕೊಂಡರು, ಭಾವನವರು ಎದುರಿಗೇ ಬಂದ ಹಾಗೆ. ಪ್ರಿಂಟು ಕೈಗೆ ಬಂದ ಮೇಲೆ ಪರದೆಯತ್ತ ಬಗ್ಗಿ, “ನಂದೂ ಅದಾ?” ಎಂದರು.

ಇತ್ತು. ಸೊಂಟದ ಮೇಲೆ ಒಂದು ಕೈ, ಇನ್ನೊಂದು ಕೈಯಲ್ಲಿ ತಲೆಕೆಳಗಾದ ಸ್ಲೇಟು. ಹಿಂದೆ ಅವರ ಎರಡಾಳಿನಷ್ಟು ಎತ್ತರದ ಕಬ್ಬು, ಗೋಡೆ ಕಟ್ಟಿದ ಹಾಗೆ. ದೇವೀರಮ್ಮ ಬಹಳ ಹೊತ್ತು ನೋಡಿದರು.

“ಇದ್ನ ಉಸಾರಾಗಿ ಮಡ್ಗಿರಿ ಗೌಡ್ರೇ. ನಂಗೂ ಒಂದಿನ ಬೇಕಾಯ್ತದೆ. ಮಕ್ಳಿಗೂ ಏಳಿವ್ನಿ, ಆಪೀಸಲ್ಲದೆ, ಉಡುಕ್ಕಂಡ್ ಅಲೀಬ್ಯಾಡಿ ಅಂತ.”

“ಆಯ್ತು ಬುಡವ್ವ,” ಎಂದರು ಗೌಡರು.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಮಾರ್ನಮಿ ಎಂದರೆ ನಮ್ಮಲ್ಲಿ ಹಿರಿಯರ ಹಬ್ಬ. ತೀರಿಕೊಂಡವರ ಪಟ ಗೋಡೆಗೊರಗಿಸಿ, ಹೊಸ ಪಂಚೆ ಇಟ್ಟು, ಅವರಿಗೆ ಇಷ್ಟವಾದದ್ದನ್ನು ಬಡಿಸುತ್ತಾರೆ. ಬೀಡಿ ಸೇದುತ್ತಿದ್ದವರಿಗೆ ಬೀಡಿಯೂ ಉಂಟು. ಸುತ್ತಲಿನ ಎಷ್ಟೋ ಮನೆಗಳ ಪಟಗಳಲ್ಲಿ ಮುದುಕರು ಕಬ್ಬಿನ ಮುಂದೆ ನಿಂತು ಕಾರ್ಖಾನೆಯ ನಂಬರು ತೋರಿಸುತ್ತಿದ್ದರು. ಅವರಿಗೆ ಜೀವಮಾನದಲ್ಲಿ ಕ್ಯಾಮೆರಾ ಎದುರಾದದ್ದು ಅದೊಂದೇ ಸಲ.

ನಾನು ಬೆಂಗಳೂರಿನ ಹೆಡ್ಡಾಫೀಸಿಗೆ ಬರೆದೆ. ಹೊಸ ಬೀರು ಬೇಕು, ಇಲ್ಲವೇ ಫೋಟೋಗಳನ್ನು ಹೊರಗಿನ ಡಿಸ್ಕಿಗೆ ಇಳಿಸಿಕೊಳ್ಳಲು ಅಪ್ಪಣೆ ಬೇಕು ಎಂದು. ನಾನೇ ಒಂದು ಡಿಸ್ಕು ತಂದು ಚುಚ್ಚೋಣವೆಂದರೆ ಪೆಟ್ಟಿಗೆಯ ತೂತುಗಳಿಗೆಲ್ಲ ಬೆಂಗಳೂರಿನವರು ಅಲ್ಲಿಂದಲೇ ಬೀಗ ಹಾಕಿ ಕೂತಿದ್ದರು. ಉತ್ತರಕ್ಕೆ ಬದಲು ಫೋನು ಬಂತು. ವಿನಯವಂತ ಹುಡುಗ.

“ಸರ್, ಈ ಫೋಟೋಸ್ ಬಿಸಿನೆಸ್ ಡೇಟಾನಾ, ಪರ್ಸನಲ್ ಡೇಟಾನಾ?”

“ಎಡೆ ಇಡುವುದಕ್ಕೆ ಬೇಕಾದ ಡೇಟಾ,” ಎಂದೆ.

ಅವನು ಕೊಂಚ ಹೊತ್ತು ಹುಡುಕಿದ. “ಆ ಕೆಟಗರಿ ಇಲ್ಲ ಸರ್.”

ಕೊನೆಗೆ ಅವರಿಗೂ ಕರುಣೆ ಬಂತು. ಬೆಂಗಳೂರಿನಲ್ಲಿ ಒಂದು ಪುಟ್ಟ ಜಾಗ ತೆರೆದುಕೊಟ್ಟು, ‘ಅತ್ಯವಶ್ಯವಾದವನ್ನು ಮಾತ್ರ ಆರಿಸಿ ಇಲ್ಲಿ ಹಾಕಿ’ ಎಂದು ಬರೆದರು. ಹತ್ತಕ್ಕೊಂದು ಫೋಟೋ ಹಿಡಿಯುತ್ತಿತ್ತೋ ಏನೋ.

ಹೀಗೆ ಭಾದ್ರಪದದ ಒಂದು ಮಧ್ಯಾಹ್ನ, ಹೊರಗೆ ಮಳೆ ಹಿಡಿದು ಕೂತಿರುವಾಗ, ಮಳವಳ್ಳಿಯ ಆ ಆಫೀಸಿನಲ್ಲಿ ನಾವಿಬ್ಬರು ಯಾವ ಮನುಷ್ಯರು ಅತ್ಯವಶ್ಯ ಎಂದು ತೀರ್ಮಾನಿಸಲು ಕುರ್ಚಿ ಎಳೆದುಕೊಂಡೆವು. ಚಿತ್ರಗುಪ್ತನಿಗಾದರೂ ಪಾಪಪುಣ್ಯದ ಆಧಾರವಿರುತ್ತದೆ. ನಮಗೆ ಅದೂ ಇರಲಿಲ್ಲ.

“ಯಾರ್ನ ಬುಡ್ಲಿ ಮೇಷ್ಟ್ರೇ?” ಎಂದು ಗೌಡರು ಪ್ರತಿ ಫೋಟೋಗೂ ನಿಂತರು. ಪ್ರತಿ ಫೋಟೋಗೂ ಒಂದು ಕಥೆ. ಇವನು ಫೋಟೋ ದಿನ ಮಗಳ ಮದುವೆಯ ಕೋಟು ಹಾಕಿಕೊಂಡು ಕಬ್ಬಿನೊಳಗೆ ಬಂದ. ಇವನು ನಿಂತಿರುವುದು ಪಕ್ಕದವನ ಗದ್ದೆ ಮುಂದೆ, ಗೊತ್ತಾದಾಗ ಬದುವಿನ ಮೇಲೇ ಜಗಳವಾಯ್ತು. ಸಂಜೆಯಾದರೂ ಒಂದು ಊರು ಮುಗಿಯಲಿಲ್ಲ.

ಮಾರನೆಯ ದಿನ ಗೌಡರೇ ಒಂದು ದಾರಿ ಹೇಳಿದರು. “ಸತ್ತೋರ್ನ ಮೊದ್ಲು ದಾಟ್ಸವ. ಅವ್ರು ಇನ್ನೊಂದ್ಸಲ ಬಂದು ನಿಂತ್ಕಳಕ್ಕಾಗಲ್ಲ. ಬದ್ಕಿರೋರ್ದು ಓದ್ರೆ ಓಯ್ತದೆ, ನಾನೇ ಕ್ಯಾಮ್ರ ಇಡ್ಕಂಡು ಓಗಿ ತಗೀತೀನಿ.”

ಇದಕ್ಕಿಂತ ನ್ಯಾಯವಾದ ಮಾತು ನನಗೂ ಹೊಳೆಯಲಿಲ್ಲ. ಊರೂರಿಗೆ ಫೋನು ಮಾಡಿ ಯಾರು ಇದ್ದಾರೆ, ಯಾರಿಲ್ಲ ಎಂದು ವಿಚಾರಿಸಿ, ಇಲ್ಲದವರನ್ನೆಲ್ಲ ಬೆಂಗಳೂರಿಗೆ ಕಳಿಸಿದೆವು. ಕೊನೆಗೆ ಕೆಲವೇ ಜನಕ್ಕಾಗುವಷ್ಟು ಜಾಗ ಉಳಿಯಿತು. ಅದಕ್ಕೆ ಬದುಕಿರುವವರಲ್ಲಿ ಯಾರನ್ನಾದರೂ ಆರಿಸಿ ಎಂದೆ. ಗೌಡರು ಮೌಸು ಕೆಳಗಿಟ್ಟರು.

“ಒಬ್ರುನ್ನ ತಗಂಡು ಒಬ್ರುನ್ನ ಬುಟ್ರೆ ನಾಳೆ ಅವ್ರ ಮೊಕ ಎಂಗ್ ನೋಡ್ಲಿ? ನನ್ ಕೈಲಾಗಲ್ಲ. ಇರ್ಲಿ, ಇನ್ನೂ ಟೇಮದಲ್ಲ.”

ಟೈಮು ಇರಲಿಲ್ಲ. ಎರಡು ದಿನಕ್ಕೆ ಮಳೆ ಬಿಟ್ಟು ಬಿಸಿಲು ಬಿತ್ತು. ಗದ್ದೆಗಿಳಿಯಲು ಕಾದಿದ್ದವರೆಲ್ಲ ಒಟ್ಟಿಗೆ ಕತ್ತಿ ಹಿರಿದರು. ಮೂರೂ ಊರಿನಲ್ಲಿ ಪರ್ಮಿಟ್ಟಿನ ಸುಗ್ಗಿ. ಬೀರು ತುಂಬುತ್ತಿರುವುದನ್ನು ನಾನು ಮಂಡ್ಯದಲ್ಲಿ ಕೂತು ನೋಡುತ್ತಿದ್ದೆ. ನಾಲೆಯ ಏರಿ ಒಡೆಯುವುದನ್ನು ಎದುರು ದಿಬ್ಬದ ಮೇಲೆ ನಿಂತು ನೋಡುವವನ ಹಾಗೆ. ಊಟದ ಹೊತ್ತಿಗೆ ಅದು ತುಂಬಿತು, ಪರದೆಗಳು ನಿಂತವು. ಮೊದಲ ಫೋನು ಜಯಮ್ಮನದು.

“ಸಾ, ನಿಂತೋಯ್ತು. ನಾನೇನೂ ಮುಟ್ನಿಲ್ಲ, ಮೊದ್ಲೇ ಏಳ್ಬುಟ್ಟೆ. ಲಾರಿಯೋರು ಮ್ಯಾಲೆ ಬಿದ್ದು ಸಾಯ್ತಾವ್ರೆ.”

ನನ್ನ ಸ್ವಂತ ಯಂತ್ರವನ್ನೂ ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಒಂದೆರಡನ್ನೂ ಅಳಿಸಿದೆ. ಪರದೆಗಳು ಗುಟುಕು ನೀರು ಸಿಕ್ಕಿದಂತೆ ಕಣ್ಣುಬಿಟ್ಟವು. ಅದು ಅರ್ಧ ಗಂಟೆಯ ಆಯುಸ್ಸು ಎಂದು ನನಗೆ ಗೊತ್ತಿತ್ತು. ಉಳಿದದ್ದು ಒಂದೇ ಗುಡ್ಡ. ಅದನ್ನು ಮಂಡ್ಯದಿಂದಲೇ ಅಳಿಸುವ ಅಧಿಕಾರ ನನಗಿತ್ತು. ಆ ಅಧಿಕಾರವನ್ನು ಎದುರಿಗಿಟ್ಟುಕೊಂಡು ಗೌಡರಿಗೆ ಫೋನು ಮಾಡಿದೆ. ಅವರ ಹಿಂದೆ ಗಲಾಟೆಯೋ ಗಲಾಟೆ.

“ಗೌಡ್ರೇ, ಬೇರೆ ದಾರಿ ಇಲ್ಲ.”

“ಗೊತ್ತದೆ ಮೇಷ್ಟ್ರೇ. ಗಾಡಿಗಳು ರೋಡ್ಗಂಟ ನಿಂತವೆ. ಎತ್ಗುಳ್ಗೆ ನೀರಿಲ್ಲ, ಕಬ್ಬು ಬಾಡ್ತಾ ಅದೆ.” ಯಾರನ್ನೋ ಗದರಿದರು: “ಇರ್ಲಾ, ವಸಿ ತಡ್ಕಳ್ಳಲಾ! ನಿನ್ ಮೊಕಾನೂ ಇದ್ರಲ್ಲೇ ಅದೆ ಕಣ್ಲಾ.” ಮತ್ತೆ ನನಗೆ, ಮೆಲ್ಲಗೆ, “ನೀವ್ ಅಲ್ಲಿಂದ ಒತ್ಬ್ಯಾಡಿ. ನಾನೇ ಒತ್ತೀನಿ.”

ಫೋನು ಮೇಜಿನ ಮೇಲಿಟ್ಟದ್ದು ಕೇಳಿಸಿತು. ಆಮೇಲೆ ನನಗಲ್ಲದೆ, ಗಾಡಿಯವರಿಗೂ ಅಲ್ಲದೆ, ಪರದೆಗೆ ಹೇಳಿದ ಒಂದು ಮಾತು:

“ಬತ್ತೀನಿ ಕಣ್ರಪ್ಪಾ.”

ಮಂಡ್ಯದ ಕೋಣೆಯಲ್ಲಿ ಬೀರು ಎಷ್ಟು ತುಂಬಿದೆಯೆಂದು ತೋರಿಸುವ, ಕೆಂಪಗಿದ್ದ ಗೆರೆ ಜರ್ರನೆ ಇಳಿದು ಹಸಿರಾಯಿತು. ಅಷ್ಟು ಅಂದವಾಗಿ ಅದು ಎಂದೂ ಇಳಿದಿರಲಿಲ್ಲ. ಸಂಜೆಯೊಳಗೆ ಗಾಡಿಗಳು ಹೊರಟವು. ಶೇಖರಣಾ ಶಿಸ್ತಿಗಾಗಿ ಅಭಿನಂದನೆಗಳು ಎಂದು ಬೆಂಗಳೂರಿನಿಂದ ಒಂದು ಮೇಲ್ ಬಂತು. ನಾನು ಅದನ್ನು ಅಳಿಸಿ ಜಾಗ ಉಳಿಸಿದೆ.

ಮಾರ್ನಮಿಗೆ ಮುಂಚೆ ಬಂದವರಿಗೆ ಗೌಡರು ಫೋಟೋ ಕೊಟ್ಟರು. ಬೆಂಗಳೂರಿಗೆ ದಾಟಿಸಿದ್ದು ತೀರಿಕೊಂಡವರನ್ನೇ ಅಲ್ಲವೇ, ಅದೊಂದು ವರ್ಷ ಯಾರೂ ಬರಿಗೈಯಲ್ಲಿ ಹೋಗಲಿಲ್ಲ. ಹಾಗೆ ದಾಟಿಸಿದವರಲ್ಲಿ ಎಷ್ಟೋ ಜನ ಆಗಲೇ ಗೋಡೆಗಳ ಮೇಲೆ ಕಟ್ಟು ಹಾಕಿಸಿಕೊಂಡು ಕೂತವರು ಎಂಬುದು ನಮಗೆ ಆಮೇಲೆ ಹೊಳೆಯಿತು. ಉಳಿಸಿದ್ದು ಬೇರೆಡೆಯೂ ಪಟವಿದ್ದವರನ್ನು. ಅಳಿಸಿದ್ದು ಬೇರೆಲ್ಲೂ ಪಟವಿಲ್ಲದವರನ್ನು.

ಮಾತಿನಂತೆ ಗೌಡರು ಬದುಕಿರುವವರ ಫೋಟೋ ತೆಗೆಯಲು ಎರಡು ಊರು ತಿರುಗಿದರು. ಮೂರನೆಯದಕ್ಕೆ ಹೋಗಲಿಲ್ಲ. ಯಾಕೆಂದು ಕೇಳಿದರೆ, “ಬುಡಿ ಮೇಷ್ಟ್ರೇ,” ಎಂದರಷ್ಟೆ. ಹಂಗಾಮಿನ ಕೊನೆಗೆ ಹಾರ ಹಾಕಿಸಿಕೊಂಡು ಊರಿಗೆ ಹೋದರು. ಮರುವರ್ಷ ಹೊಸ ಬೀರು ಬಂತು. ಎಷ್ಟು ದೊಡ್ಡದೆಂದರೆ ನಾನು ನಿವೃತ್ತನಾಗುವವರೆಗೂ ಅದು ಅರ್ಧ ಖಾಲಿಯಾಗಿಯೇ ಗುಂಯ್‌ಗುಡುತ್ತಿತ್ತು.

ಮೊನ್ನೆ ಮಳವಳ್ಳಿಯ ಬಸ್ ನಿಲ್ದಾಣದಲ್ಲಿ ಇಳಿದೆ. ಕಿರುಗಾವಲಿನ ಬಸ್ಸಿಗೆ ಕಾದು ಕಟ್ಟೆಯ ಮೇಲೆ ಕೂತಿದ್ದ ಮುದುಕಿ ನನ್ನನ್ನೇ ನೋಡುತ್ತಿದ್ದರು. ಹತ್ತಿರ ಹೋದ ಮೇಲೆ ಗುರುತು ಸಿಕ್ಕಿತು, ದೇವೀರಮ್ಮ. ಮೈ ಇಳಿದುಹೋಗಿತ್ತು. ಮಡಿಲಲ್ಲಿ ಆಸ್ಪತ್ರೆಯ ಕವರು.

“ನಿಂಗೇಗೌಡ್ರು ಆಪೀಸಲ್ಲಿ ಕೂತಿರ್ತಿದ್ರಲ್ಲ, ಕಂಪೂಟ್ರು ಮೇಷ್ಟ್ರು, ನೀವೇ ಅಲ್ವ್ರಾ?”

“ಹೌದಮ್ಮಾ. ಚೆನ್ನಾಗಿದ್ದೀರಾ?”

“ಏನ್ ಚಂದ ಬುಡಪ್ಪ. ಗದ್ದೆ ಬ್ಯಾರೇರ್ಗೆ ವಾರಕ್ಕೆ ಕೊಟ್ಬುಟ್ಟೆ. ಕಬ್ಬು ಆಕ್ದೆ ಎಲ್ಡು ವರ್ಸಾಯ್ತು.” ಕವರನ್ನು ಆ ಕಡೆ ಸರಿಸಿ, ಯಾವುದೋ ಒಳ್ಳೆಯ ಸುದ್ದಿ ಹೇಳುವವರ ಹಾಗೆ, “ನನ್ ಪೋಟ ಅದಲ್ಲ ಅಲ್ಲಿ. ಮಕ್ಳಿಗೆ ಏಳಿವ್ನಿ,” ಎಂದರು.

ನಾನು ಫೋನು ತೆಗೆದೆ. ಹೇಳಬೇಕಾದ್ದನ್ನು ಹೇಳುವ ಬದಲು, “ಅದಿರಲಿ ಅಮ್ಮಾ, ಈಗ ಇನ್ನೊಂದು ತೆಗೀತೀನಿ. ಸ್ವಲ್ಪ ಇತ್ಲಾಗೆ ನೋಡಿ,” ಎಂದೆ.

ದೇವೀರಮ್ಮ ನಕ್ಕು ಸೆರಗನ್ನು ಮುಖಕ್ಕೆ ಅಡ್ಡ ಹಿಡಿದರು.

“ಬ್ಯಾಡ ಕಣಪ್ಪ. ಈಗಿನ್ ಮೊಕ ತಗಂಡು ಏನ್ ಮಾಡೀಯೆ? ಅದ್ರಲ್ಲಿ ಕಬ್ಬು ಚೆನ್ನಾಗಿತ್ತು.”

ಗೌಡರು ಮೂರನೆಯ ಊರಿಗೆ ಯಾಕೆ ಹೋಗಲಿಲ್ಲ ಎಂಬುದು ಅಷ್ಟು ವರ್ಷಗಳ ಮೇಲೆ ನನಗೆ ತಿಳಿಯಿತು. ಮೊದಲೆರಡು ಊರಿನಲ್ಲಿ ಅವರೂ ಇಂಥ ಮಾತನ್ನೇ ಕೇಳಿರಬೇಕು. ಅಷ್ಟರಲ್ಲಿ ಬಸ್ಸು ಬಂತು. ದೇವೀರಮ್ಮ ಕಂಬಿ ಹಿಡಿದು, ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತು ತಿರುಗಿ, “ಬತ್ತೀನಿ ಕಣಪ್ಪ,” ಎಂದು ಒಳಗೆ ಹೋದರು.

ನಾನು ಫೋನು ಎತ್ತಿ ಹಿಡಿದೇ ನಿಂತಿದ್ದೆ. ಅದರಲ್ಲಿ ಜಾಗ ಬೇಕಾದಷ್ಟಿತ್ತು.